ಅವರೆ ಬಳ್ಳಿಗೆ ಬಂದ ನೊಣ

ಪುಣೆಯಲ್ಲಿ ಕನ್ನಡಿಗರ ಮನೆ ಹುಡುಕಬೇಕಾದರೆ ಬಾಗಿಲ ಮೇಲಿನ ಹೆಸರು ಓದಬೇಕಾಗಿಲ್ಲ. ಬೀದಿಯಲ್ಲಿ ನಿಂತು ತಲೆಯೆತ್ತಿ ಗ್ಯಾಲರಿ ನೋಡಿದರೆ ಸಾಕು. ಒಂದು ಕುಂಡದಲ್ಲಿ ದೊಡ್ಡಪತ್ರೆ, ಇನ್ನೊಂದರಲ್ಲಿ ಮಲ್ಲಿಗೆ, ಎಣ್ಣೆಯ ಹಳೆಯ ಡಬ್ಬದಲ್ಲಿ ಕರಿಬೇವು. ನಮ್ಮ ಸಂಘದ ಹಿರಿಯರೊಬ್ಬರು ಮಂಗಳೂರಿನಿಂದ ಬಸಳೆಯ ದಂಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ದಾರಿಯುದ್ದಕ್ಕೂ ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ತಂದವರು. ಊರನ್ನು ತರಲಾಗದವರು ಊರಿನ ಗಿಡವನ್ನು ತರುತ್ತೇವೆ. ನಮ್ಮ ಮನೆಯ ಪಾಲಿಗೆ ಬಂದದ್ದು ಅವರೆ.

ಅದನ್ನು ತಂದವರು ಅಮ್ಮ. ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಮೂರು ವರ್ಷದ ಹಿಂದೆ, ಶಾಲೆಗಳು ತೆರೆಯುವ ಹೊತ್ತಿಗೆ ಅವರು ಬಂದಿಳಿದಾಗ ಕೈಯಲ್ಲಿ ಎರಡು ಸೀರೆಯ ಚೀಲ ಮತ್ತು ಸೆರಗಿನ ತುದಿಯಲ್ಲಿ ಒಂದು ಗಂಟು. ಗಂಟಿನಲ್ಲಿ ಒಂದು ಹಿಡಿ ಅವರೆಬೀಜ. ಅರ್ಧಕ್ಕೆ ಹುಳು ಬಿದ್ದು ತೂತಾಗಿದ್ದವು. ಒಳ್ಳೆಯವನ್ನು ಆರಿಸಿ, "ಇಷ್ಟೇ ಉಳಿದಿರೋದು" ಎಂದರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಬೀಜ ಬೆಳೆಯುತ್ತಿದ್ದ ಹೊಲ ಹಿಂದಿನ ಬೇಸಿಗೆಯಲ್ಲಿ ಮಾರಾಟವಾಗಿತ್ತು. ಕಾಗದಕ್ಕೆ ನಾವೂ ಸಹಿ ಹಾಕಿದ್ದೆವು. ನಮ್ಮ ಪಾಲಿನ ಹಣ ಈ ಮೂರನೆಯ ಮಹಡಿಯ ಫ್ಲ್ಯಾಟಿನ ಸಾಲಕ್ಕೆ ಜಮೆಯಾಗಿತ್ತು. ಹೀಗೆ ಹೊಲ ಹೋಗಿ ಗ್ಯಾಲರಿ ಬಂದಿತ್ತು. ಗ್ಯಾಲರಿಗೆ ಈಗ ಹೊಲದ ಬೀಜ ಬಂದಿತು.

ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಮಣ್ಣು ತುಂಬಿ ಅಮ್ಮ ಬೀಜ ಊರಿದರು. ಹಳೆಯ ನಾಟಿ ತಳಿ. ಹಗಲು ಗಿಡ್ಡವಾಗುವವರೆಗೂ ಹೂವಿನ ಸುದ್ದಿಯೆತ್ತದೆ ಬರೀ ಬಳ್ಳಿ ಬೆಳೆಸುವ ಜಾತಿ. ಗಣಪತಿ ಹಬ್ಬಕ್ಕೆ ಗ್ರಿಲ್ಲು ಮುಚ್ಚಿತು, ದಸರೆಗೆ ಬಟ್ಟೆ ಒಣಹಾಕುವ ತಂತಿ ಹಿಡಿಯಿತು. ದೀಪಾವಳಿಯ ಹೊತ್ತಿಗೆ ಕೊನೆಗೂ ಹೂಗೊಂಚಲು ಕಾಣಿಸಿಕೊಂಡಾಗ ಮನೆಯವರೆಲ್ಲ ಸಾಲಾಗಿ ನಿಂತು ನೋಡಿದೆವು. ಸೊಗಡಿನ ಅವರೆ, ಹಿತಕಿದ ಬೇಳೆಯ ಸಾರು, ಸಂಕ್ರಾಂತಿ ಎಂದು ಬಾಯಲ್ಲಿ ನೀರೂರಿಸಿಕೊಂಡೆವು. ಅದಾಗಿ ವಾರದೊಳಗೆ ಹೇನು ಹತ್ತಿತು.

ಅವರೆ ಬೆಳೆದವರಿಗೆ ಇದನ್ನು ಬಣ್ಣಿಸಬೇಕಾಗಿಲ್ಲ. ಗೊಂಚಲಿನ ತುದಿಯಿಂದ ಕೆಳಗಿನವರೆಗೆ ಕಪ್ಪು ಎಳ್ಳು ಮೆತ್ತಿದಂತೆ ಸಸ್ಯಹೇನು. ಇವುಗಳ ಸಂಸಾರದ ರೀತಿಯೇ ಬೇರೆ. ಬೆಚ್ಚಗಿನ ನಾಡಿನಲ್ಲಿ ಗಂಡಿನ ಹಂಗಿಲ್ಲದೆ ಹೆಣ್ಣು ನೇರವಾಗಿ ಮರಿ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಅದರ ಮರಿ ಆಗಲೇ ಬೆಳೆಯತೊಡಗಿರುತ್ತದೆ. ಬೆಳಿಗ್ಗೆ ಒಂದು ಗೊಂಚಲಿನಲ್ಲಿದ್ದುದು ನಾಲ್ಕು ದಿನಕ್ಕೆ ಹತ್ತು ಗೊಂಚಲಿಗೆ ಹಬ್ಬಿತು. ಹೂಗಳು ಕಂದಿ ನೆಲಕ್ಕೆ ಬೀಳತೊಡಗಿದವು. ಜೊತೆಗೆ ಇರುವೆಗಳ ಸಾಲು. ಹೇನು ಒಸರುವ ಸಿಹಿಯಂಟನ್ನು ನೆಕ್ಕಲು ಬರುವ ಇರುವೆ, ಹಸುವನ್ನು ಕಾಯುವ ಗೋವಳನಂತೆ ಅದನ್ನು ಕಾಯುತ್ತದೆ. ತಿನ್ನಲು ಬಂದ ಶತ್ರುವನ್ನು ಓಡಿಸುತ್ತದೆ.

ಕೆಳಮನೆಯ ಕಾಕೂ ಮರುಕದಿಂದ ಒಂದು ಔಷಧದ ಬಾಟಲಿ ಕೊಟ್ಟರು. ತಿನ್ನುವ ಕಾಯಿಗೆ ವಿಷವೇ ಎಂದು ಅಮ್ಮ ಅದನ್ನು ಮುಟ್ಟಗೊಡಲಿಲ್ಲ. ಆಗ ಬಂದದ್ದು ಆ ನೊಣ.

ಐದನೆಯ ತರಗತಿಯ ನಮ್ಮ ಮಗ "ಮಧಮಾಶಿ, ಮಧಮಾಶಿ!" ಎಂದು ಕೂಗಿಕೊಂಡು ಒಳಗೆ ಓಡಿ ಬಂದ. ಜೇನುಹುಳುವನ್ನು ಅವನು ಕಂಡದ್ದೂ ಹೆಸರು ಕಲಿತದ್ದೂ ಈ ಊರಿನಲ್ಲಿ. ಹಾಗಾಗಿ ಹೆದರಿಕೆಯೂ ಮರಾಠಿಯಲ್ಲೇ ಬರುತ್ತದೆ. ಹಳದಿ ಕಪ್ಪು ಪಟ್ಟೆಯ ಒಂದು ಹುಳು ಬಳ್ಳಿಯ ತುದಿಯೆದುರು ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ನಾವು ಟವೆಲು ಬೀಸಿ ಓಡಿಸಿದೆವು. ಅದು ಮತ್ತೆ ಬಂದಿತು. ಮತ್ತೆ ಬೀಸಿದೆವು. ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಬಂದು ನೋಡಿ, "ಅದು ಜೇನಲ್ಲ ಕಣೋ, ಹೂವಿನ ನೊಣ. ಹುಚ್ಚೆಳ್ಳು ಹೂ ಬಿಟ್ಟಾಗ ಹೊಲದ ತುಂಬ ಇವೇ ಇರ್ತಿದ್ವು. ಕಚ್ಚಲ್ಲ, ಬಿಡ್ರೋ" ಎಂದು ಒಳಗೆ ಹೋದರು.

ನಾವು ಬಿಟ್ಟೆವು. ಆದರೆ ನಾಲ್ಕೈದು ದಿನ ಕಳೆದ ಮೇಲೆ ಹೇನಿನ ನಡುವೆ ಹೊಸದೊಂದು ಹುಳು ಕಾಣಿಸಿತು. ತಿಳಿಹಸಿರು, ಬೆನ್ನ ಮೇಲೆ ಬಿಳಿ ಗೀಟು, ಕಾಲಿಲ್ಲ, ಕಣ್ಣಿಲ್ಲ. ಅಕ್ಕಿಕಾಳಿನಷ್ಟು ಉದ್ದದ, ಬಸವನಹುಳುವಿನಂತೆ ಜಾರುವ ಪ್ರಾಣಿ. ಹೇನು ಸಾಲದೆಂದು ಇದೊಂದು ಬೇರೆ ಬಂತೇ ಎಂದು ನಮಗೆ ರೇಗಿಹೋಯಿತು. ಅದೊಂದು ಭಾನುವಾರ. ಮನೆಮಂದಿಯೆಲ್ಲ ಕೂತು ಕಡ್ಡಿಯಿಂದ ಒಂದೊಂದೇ ಹುಳುವನ್ನು ಕೆಡವಿ ಚಪ್ಪಲಿಯಿಂದ ಒರೆಸಿದೆವು. ಇಪ್ಪತ್ತಕ್ಕೂ ಹೆಚ್ಚು. ಅಮ್ಮ ಕನ್ನಡಕ ಹಾಕಿಕೊಂಡು ಬಂದು, ನಮ್ಮ ಕಣ್ಣಿಗೆ ತಪ್ಪಿದ್ದನ್ನು ತೋರಿಸಿಕೊಟ್ಟರು. ಅಂದು ಸಂಜೆ ಚಹಾ ಕುಡಿಯುವಾಗ ಒಂದು ದೊಡ್ಡ ಕೆಲಸ ಮುಗಿಸಿದ ಸಮಾಧಾನ ಎಲ್ಲರ ಮುಖದಲ್ಲೂ ಇತ್ತು.

ಮುಂದಿನ ವಾರ ಸಂಘದ ಸಭೆಯಲ್ಲಿ ಈ ಪರಾಕ್ರಮವನ್ನು ಹೇಳಿಕೊಂಡೆವು. ಕೇಳುತ್ತಿದ್ದವರಲ್ಲಿ ಧಾರವಾಡದ ಕಡೆಯ ಒಬ್ಬ ಮಾಸ್ತರರಿದ್ದರು. ಕೃಷಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹುಳುವಿನ ಬಣ್ಣ, ಉದ್ದ, ಗೀಟು ಎಲ್ಲವನ್ನೂ ವಿಚಾರಿಸಿ, "ಎಷ್ಟು ಕೊಂದ್ರಿ?" ಎಂದರು.

"ಇಪ್ಪತ್ತು ಇಪ್ಪತ್ತೈದಾದರೂ ಇರಬೇಕು, ಸರ್."

"ಹಂಗಾರ ನಾಕೈದು ಸಾವಿರ ಹೇನಿಗೆ ಜೀವದಾನ ಮಾಡೀರಿ ಅನ್ರಿ."

ಆ ಕಾಲಿಲ್ಲದ ಹುಳು ಬೇರೆ ಯಾವುದೂ ಅಲ್ಲ, ಗಾಳಿಯಲ್ಲಿ ನಿಲ್ಲುತ್ತಿದ್ದ ಅದೇ ಹೂವಿನ ನೊಣದ ಮರಿ. ಅದರ ಆಹಾರವೇ ಸಸ್ಯಹೇನು. ಒಂದು ಮರಿ ಬೆಳೆದು ದೊಡ್ಡದಾಗುವ ವಾರ ಹತ್ತು ದಿನದಲ್ಲಿ ಇನ್ನೂರು, ಮುನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೇನು ತಿನ್ನುತ್ತದೆ. ತಾಯಿನೊಣ ಬಳ್ಳಿಯ ತುದಿಯಲ್ಲಿ ನಿಂತು ನೋಡುತ್ತಿದ್ದದ್ದು ಎಲ್ಲಿ ಹೇನು ದಟ್ಟವಾಗಿದೆ, ಎಲ್ಲಿ ಮೊಟ್ಟೆಯಿಟ್ಟರೆ ಮಕ್ಕಳು ಉಪವಾಸ ಬೀಳುವುದಿಲ್ಲ ಎಂದು. ಒಂದೇ ಜೀವಕ್ಕೆ ನಾವು ಎರಡು ಸಲ ಅನ್ಯಾಯ ಮಾಡಿದ್ದೆವು: ದೊಡ್ಡದಾಗಿ ಬಂದಾಗ ಜೇನೆಂದು ಹೆದರಿ ಹೊಡೆದಟ್ಟಿದೆವು, ಮರಿಯಾಗಿ ಕಂಡಾಗ ಶತ್ರುವೆಂದು ಹೊಸಕಿದೆವು.

ಮನೆಗೆ ಬಂದು ಅಮ್ಮನಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಬಳ್ಳಿಯನ್ನೇ ನೋಡುತ್ತ ಕೂತು, "ಹಂಗಾದ್ರೆ ತಾಯಿನ ಬಿಟ್ಟು ಮಕ್ಕಳನ್ನ ಕೊಂದ್ವಿ ಅನ್ನು" ಎಂದರು. ಅರವತ್ತು ವರ್ಷ ಹೊಲದಲ್ಲಿದ್ದರೂ ಆ ಎರಡು ಒಂದೇ ಎಂದು ಅವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ನಮಗೆ ಈ ನೊಣದ ಹುಚ್ಚು ಹಿಡಿಯಿತು. ಮಾಸ್ತರರಿಂದ ಕೇಳಿ, ಪುಸ್ತಕ ತರಿಸಿ ಓದಿ ತಿಳಿದದ್ದರಲ್ಲಿ ಕೆಲವನ್ನಾದರೂ ಬಳಗದವರಿಗೆ ಹೇಳಬೇಕು.

ಇಂಗ್ಲಿಷಿನಲ್ಲಿ ಹೋವರ್ ಫ್ಲೈ ಎನ್ನುವ ಇವುಗಳ ಕುಟುಂಬಕ್ಕೆ ಶಾಸ್ತ್ರದ ಹೆಸರು ಸಿರ್ಫಿಡೇ. ಪ್ರಪಂಚದಲ್ಲಿ ಆರು ಸಾವಿರಕ್ಕೂ ಹೆಚ್ಚು ಜಾತಿಗಳು, ನಮ್ಮ ದೇಶದಲ್ಲೇ ಮುನ್ನೂರಕ್ಕೂ ಹೆಚ್ಚು. ಜೇನಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಜೇನಿನ ಮೀಸೆ ಉದ್ದ, ಇದರದ್ದು ಕಂಡೂ ಕಾಣದಷ್ಟು ಮೋಟು. ಇದರ ಮುಖವೆಲ್ಲ ಕಣ್ಣೇ. ಎಷ್ಟೋ ಜಾತಿಗಳ ಗಂಡಿನಲ್ಲಿ ಎರಡು ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಹೆಣ್ಣಿನಲ್ಲಿ ನಡುವೆ ಜಾಗವಿರುತ್ತದೆ. ಮುಳ್ಳಂತೂ ಇಲ್ಲವೇ ಇಲ್ಲ. ಎರಡನೆಯ ಜೊತೆ ರೆಕ್ಕೆ ಇರಬೇಕಾದ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಪುಟ್ಟ ಕಡ್ಡಿಗಳಿವೆ. ರೆಕ್ಕೆಯ ಜೊತೆ ಅವೂ ಬಡಿಯುತ್ತ, ಮೈ ಯಾವ ಕಡೆಗೆ ವಾಲಿತು, ಎಷ್ಟು ತಿರುಗಿತು ಎಂಬುದನ್ನು ಕ್ಷಣಕ್ಷಣಕ್ಕೂ ತಿಳಿಸುತ್ತವೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ರೆಕ್ಕೆ ಬಡಿದೂ ನಿಂತಲ್ಲೇ ನಿಲ್ಲುವ ವಿದ್ಯೆಗೆ ಇವು ದೊಡ್ಡ ಆಸರೆ.

ಮುಳ್ಳಿಲ್ಲದ ಮೇಲೆ ಜೇನಿನ ವೇಷ ಏಕೆ ಎಂದು ಮಗ ಕೇಳಿದ. ಉತ್ತರ ಅಜ್ಜಿಯಿಂದಲೇ ಬಂತು. ಊರಿಗೆ ಹಿಂದೆ ಹಗಲುವೇಷದವರು ಬರುತ್ತಿದ್ದರಂತೆ. ಒಮ್ಮೆ ಒಬ್ಬ ಪೊಲೀಸಿನವನಾಗಿ ಬಂದು ಗದರಿದಾಗ ಇಸ್ಪೀಟಾಡುತ್ತಿದ್ದ ಗಂಡಸರೆಲ್ಲ ಎಲೆ ಬಿಸಾಡಿ ಓಡಿದ್ದರಂತೆ. ಕೋವಿ ಇಲ್ಲದಿದ್ದರೇನು, ಖಾಕಿ ಸಾಕು. ಒಮ್ಮೆ ಜೇನಿನ ಅಥವಾ ಕಣಜದ ಮುಳ್ಳಿನ ರುಚಿ ಕಂಡ ಹಕ್ಕಿ ಆಮೇಲೆ ಪಟ್ಟೆ ಕಂಡರೇ ದೂರ ಸರಿಯುತ್ತದೆ. ಆ ಭಯದ ಫಲವನ್ನು ಈ ಬಡಪಾಯಿ ನೊಣ ಉಣ್ಣುತ್ತದೆ. ಹನ್ನೊಂದು ವರ್ಷ ಅಮೆಜಾನ್ ಕಾಡುಗಳಲ್ಲಿ ಅಲೆದ ಇಂಗ್ಲಿಷಿನವ ಹೆನ್ರಿ ಬೇಟ್ಸ್, ಅಲ್ಲಿನ ಚಿಟ್ಟೆಗಳ ಇಂಥದೇ ವೇಷವನ್ನು 1862ರಲ್ಲಿ ವಿವರಿಸಿದ. ನಿರಪಾಯದ ಜೀವಿಯೊಂದು ಅಪಾಯದ ಜೀವಿಯಂತೆ ಕಾಣುವುದಕ್ಕೆ ಇಂದಿಗೂ ಅವನ ಹೆಸರೇ ಇದೆ.

ಎಲ್ಲ ಹೂವಿನ ನೊಣಗಳ ಮರಿಗಳೂ ಹೇನು ತಿನ್ನುವುದಿಲ್ಲ. ಕಡಲೆಹಿಂಡಿ ನೆನೆಸಿಟ್ಟ ನಮ್ಮ ಬಕೆಟ್ಟಿನಲ್ಲಿ ಒಮ್ಮೆ ಇಲಿಯ ಬಾಲದಂಥ ಉದ್ದ ಬಾಲದ ಹುಳುಗಳು ಕಂಡು ಅಸಹ್ಯಪಟ್ಟಿದ್ದೆವು. ಅವೂ ಇದೇ ಕುಟುಂಬದವು. ಆ ಬಾಲವೇ ಉಸಿರಿನ ಕೊಳವೆ. ಕೊಳೆತ ನೀರಿನ ತಳದಲ್ಲಿ ಮೇಯುತ್ತ ಕೊಳವೆಯ ತುದಿಯನ್ನು ಮೇಲಕ್ಕೆ ಚಾಚಿ ಗಾಳಿ ಎಳೆದುಕೊಳ್ಳುತ್ತವೆ. ಬೆಳೆದು ರೆಕ್ಕೆ ಬಂದಾಗ ಥೇಟು ಜೇನಿನಂತಿರುತ್ತವೆ. ಈ ಹೋಲಿಕೆಯಿಂದ ಹುಟ್ಟಿದ ಒಂದು ಕಥೆಯೂ ಇದೆ. ಸತ್ತ ಎತ್ತಿನ ದೇಹದಿಂದ ಜೇನು ಹುಟ್ಟುತ್ತದೆಂದು ಪ್ರಾಚೀನ ಯುರೋಪಿನವರು ನಂಬಿದ್ದರು; ರೋಮಿನ ಕವಿ ವರ್ಜಿಲ್ ತನ್ನ ಕೃಷಿಕಾವ್ಯ ಜಾರ್ಜಿಕ್ಸ್‌ನಲ್ಲಿ ಅದರ ವಿಧಾನವನ್ನೇ ಹೇಳಿದ್ದಾನೆ. ಹಾಗೆ ಕೊಳೆತ ದೇಹದಿಂದ ಎದ್ದು ಬಂದವು ಜೇನಲ್ಲ, ಈ ಬಾಲದ ಹುಳುವಿನ ನೊಣಗಳಿರಬೇಕು ಎಂದು ರಷ್ಯದ ಕೀಟಶಾಸ್ತ್ರಜ್ಞ ಓಸ್ಟೆನ್ ಸಾಕೆನ್ 1890ರ ದಶಕದಲ್ಲಿ ತೋರಿಸಿಕೊಟ್ಟ. ಸಾವಿರಾರು ವರ್ಷ ದೊಡ್ಡದೊಡ್ಡವರೂ ಈ ನೊಣವನ್ನು ಜೇನೆಂದೇ ತಿಳಿದಿದ್ದರೆಂದು ಓದಿದಾಗ, ನಮ್ಮ ಟವೆಲಿನ ಅಪರಾಧ ತುಸು ಹಗುರವಾದಂತೆ ಅನ್ನಿಸಿತು.

ನಮ್ಮ ದೇಶದ ಈ ನೊಣಗಳನ್ನು ಒಂದೆಡೆ ಸೇರಿಸಿ ವರ್ಣಿಸಿದ ಪುಸ್ತಕ 1923ರಲ್ಲಿ ಬಂತು. ಬರೆದವನು ಕಲ್ಕತ್ತೆಯಲ್ಲಿದ್ದ ಎನ್ರಿಕೊ ಬ್ರುನೆಟ್ಟಿ, ವೃತ್ತಿಯಿಂದ ಸಂಗೀತಗಾರ. ನೊಣದ ಗುಂಯ್‌ಗುಟ್ಟುವಿಕೆಯಲ್ಲಿ ಅವನಿಗೆ ಯಾವ ರಾಗ ಕೇಳಿತ್ತೋ!

ನಮ್ಮಂಥವರ ಮನಸ್ಸಿಗೆ ಹೆಚ್ಚು ತಾಕಿದ್ದು ಇನ್ನೊಂದು ವಿಷಯ. ಇವುಗಳಲ್ಲಿ ಕೆಲವು ವಲಸಿಗರು. 1950ರ ಅಕ್ಟೋಬರಿನಲ್ಲಿ ಹಕ್ಕಿಗಳ ಶಾಸ್ತ್ರಜ್ಞ ಡೇವಿಡ್ ಲ್ಯಾಕ್ ಮತ್ತು ಅವರ ಪತ್ನಿ ಎಲಿಜಬೆತ್, ಫ್ರಾನ್ಸ್ ಸ್ಪೇನ್‌ಗಳ ನಡುವಿನ ಪಿರನೀಸ್ ಬೆಟ್ಟದ ಒಂದು ಕಣಿವೆಯಲ್ಲಿ ನಿಂತಿದ್ದಾಗ, ಅಸಂಖ್ಯ ನೊಣಗಳು ದಕ್ಷಿಣಕ್ಕೆ ಹಾರಿಹೋಗುವುದನ್ನು ಕಂಡರು. 2019ರಲ್ಲಿ ಪ್ರಕಟವಾದ ರೇಡಾರ್ ಲೆಕ್ಕದ ಪ್ರಕಾರ ದಕ್ಷಿಣ ಇಂಗ್ಲೆಂಡಿನ ಆಕಾಶದಲ್ಲಿ ವರ್ಷಕ್ಕೆ ಹೆಚ್ಚೆಂದರೆ ನಾನೂರು ಕೋಟಿ ಹೂವಿನ ನೊಣಗಳು ಬಂದುಹೋಗುತ್ತವೆ. ವಸಂತದಲ್ಲಿ ಬಂದ ನೊಣವೇ ಶರತ್ಕಾಲದಲ್ಲಿ ಮರಳುವುದಿಲ್ಲ. ಮರಳುವುದು ಅದರ ಮಕ್ಕಳ ಮಕ್ಕಳು. ತಾವು ಎಂದೂ ಕಾಣದ ದಿಕ್ಕಿಗೆ ಅವು ದಾರಿ ತಪ್ಪದೆ ಹೋಗುತ್ತವೆ. ಇದನ್ನು ಓದಿದ ರಾತ್ರಿ ನಮ್ಮ ಮಗನನ್ನು ನೋಡಿ ನಾವಿಬ್ಬರೂ ಏನೂ ಮಾತಾಡಲಿಲ್ಲ.

ಇನ್ನು ಬಳ್ಳಿಯ ಕಥೆ. ಮೊದಲು ಇರುವೆಯನ್ನು ತಡೆಯಿರಿ ಎಂದಿದ್ದರು ಮಾಸ್ತರರು. ಡ್ರಮ್ಮನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟೆವು, ಗ್ರಿಲ್ಲಿಗೆ ಹರಳೆಣ್ಣೆ ಸವರಿದೆವು. ಎಲೆಯಡಿಯಲ್ಲಿ ಆರೇಳು ಮರಿಗಳು ನಮ್ಮ ಕಣ್ಣು ತಪ್ಪಿಸಿ ಉಳಿದಿದ್ದವು. ಅವುಗಳಲ್ಲಿ ಹಲವು ಜಾತಿ ಹಗಲು ಅಡಗಿದ್ದು ರಾತ್ರಿ ಮೇಯುತ್ತವೆಂದು ತಿಳಿದು, ಊಟವಾದ ಮೇಲೆ ಟಾರ್ಚು ಹಿಡಿದು ನಾಲ್ವರೂ ಗ್ಯಾಲರಿಯಲ್ಲಿ ಕೂರತೊಡಗಿದೆವು. ಡಿಸೆಂಬರಿನ ಚಳಿ; ಅಮ್ಮನಿಗೆ ಶಾಲು, ಮಗನಿಗೆ ಕುಲಾವಿ.

ಕಣ್ಣಿಲ್ಲದ ಮರಿ ಹಿಂಬದಿಯಿಂದ ದಂಟನ್ನು ಕಚ್ಚಿ ಹಿಡಿದು, ಮುಂದಿನ ಚೂಪು ಮೈಯನ್ನು ಮೇಲೆತ್ತಿ, ಕತ್ತಲಲ್ಲಿ ಗೋಡೆ ತಡವುವವರಂತೆ ಅತ್ತಿತ್ತ ತೂಗುತ್ತದೆ. ಹೇನು ತಗುಲಿತೋ, ಬಾಯಿಯ ಕೊಕ್ಕೆಗಳಿಂದ ಹಿಡಿದು ಗಾಳಿಗೆ ಎತ್ತುತ್ತದೆ. ಹೇನಿನ ಕಾಲಿಗೆ ದಂಟು ಸಿಗಬಾರದು, ಅದೇ ಉಪಾಯ. ಆಮೇಲೆ ಎಳನೀರು ಹೀರಿದಂತೆ ಹೀರಿ ಖಾಲಿ ಸಿಪ್ಪೆಯನ್ನು ಬೀಳಿಸಿ, ಮತ್ತೆ ತಡವಲು ಶುರು. ಪಾರದರ್ಶಕ ಚರ್ಮದೊಳಗೆ ಊಟ ಇಳಿಯುವುದೂ ಕಾಣುತ್ತದೆ. ಮಗ ಒಂದೊಂದಕ್ಕೂ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ಅಮ್ಮ ಮಾತ್ರ, "ಆ ಹೇನಿಗೂ ಜೀವ ಇದೆಯಲ್ಲೋ" ಎನ್ನುತ್ತಲೇ ಕೊನೆಯವರೆಗೂ ಕೂತು ನೋಡುತ್ತಿದ್ದರು.

ಒಂದು ಮರಿ ಎಲೆಗೆ ಅಂಟಿಕೊಂಡು ನೀರಿನ ಹನಿಯ ಆಕಾರದ ಗೂಡಾಯಿತು. ಎಲೆಸಮೇತ ಗಾಜಿನ ಲೋಟದಲ್ಲಿಟ್ಟು ಬಟ್ಟೆ ಕಟ್ಟಿದೆವು. ಒಂಬತ್ತನೆಯ ದಿನ ಬೆಳಿಗ್ಗೆ ಲೋಟದೊಳಗೆ ಬಿಳಿಚಿದ, ಮುದುರಿದ ರೆಕ್ಕೆಯ ನೊಣ. ಶಾಲೆಗೆ ಹೊರಡುವ ಹೊತ್ತಿಗೆ ರೆಕ್ಕೆ ಬಿಚ್ಚಿತು, ಹಿಂತಿರುಗುವ ಹೊತ್ತಿಗೆ ಹಳದಿ ಕಪ್ಪು ಪಟ್ಟೆ ಮೂಡಿತ್ತು. ಮಗ ಬಟ್ಟೆ ತೆಗೆದ. ಅದು ನೇರವಾಗಿ ಮೂಲೆಯ ಕುಂಡಕ್ಕೆ ಹೋಗಿ, ಕೊತ್ತಂಬರಿಯ ಬಿಳಿಹೂವಿನ ಮೇಲೆ ಕೂತಿತು.

ಆ ಕೊತ್ತಂಬರಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹೂ ಬಂದ ಮೇಲೆ ಅದು ಸೊಪ್ಪಿಗೆ ಬಾರದೆಂದು ನಾವು ಕಿತ್ತೆಸೆಯಲು ಹೋದಾಗ, ಧನಿಯ ಆಗಲಿ ಎಂದು ತಡೆದವರು ಅಮ್ಮ. ಪಕ್ಕದಲ್ಲಿ ನಾಲ್ಕು ಸಾಸಿವೆ ಗಿಡವನ್ನೂ ಹಾಗೇ ಬಿಟ್ಟಿದ್ದರು. ಬೆಳೆದ ನೊಣ ಹೇನು ಮುಟ್ಟುವುದಿಲ್ಲ. ಅದಕ್ಕೆ ಮಕರಂದ ಬೇಕು. ಹೆಣ್ಣಿಗೆ ಮೊಟ್ಟೆ ಬಲಿಯಲು ಪರಾಗವೂ ಬೇಕು. ಅದರ ಮೋಟು ನಾಲಗೆಗೆ ಅವರೆಯ ಮುಚ್ಚಿದ ಹೂ ನಿಲುಕದು; ಕೊತ್ತಂಬರಿ, ಸಾಸಿವೆ, ಹುಚ್ಚೆಳ್ಳಿನಂಥ ತೆರೆದ ಹೂವೇ ಆಗಬೇಕು. ತಾಯಿಗೆ ಒಂದು ಗಿಡ, ಮಕ್ಕಳಿಗೆ ಇನ್ನೊಂದು ಗಿಡ, ಎರಡೂ ಒತ್ತಿನಲ್ಲಿರಬೇಕು.

ಇದನ್ನು ವಿವರಿಸುತ್ತಿದ್ದಂತೆ ಅಮ್ಮ ನಕ್ಕರು. "ಇದು ಅಕ್ಕಡಿ ಸಾಲಲ್ವೇನೋ!"

ಹೌದಲ್ಲ! ರಾಗಿ ಹೊಲದಲ್ಲಿ ಏಳೆಂಟು ಸಾಲಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ, ಜೋಳ, ಹರಳು. ನಾವು ಚಿಕ್ಕವರಿದ್ದಾಗ ಅಪ್ಪನ ಹಿಂದೆ ಸಾಲು ಹಿಡಿದು ಬೀಜ ಬಿಟ್ಟವರೇ. ಹೂವಿನ ನೊಣಕ್ಕೂ ಅವರೆಯ ಹೇನಿಗೂ ಇರುವ ನಂಟು ಅಪ್ಪನಿಗೆ ಗೊತ್ತಿತ್ತೆಂದು ನಾವು ಹೇಳಲಾರೆವು. ಆದರೆ ಅವರ ಹೊಲದಲ್ಲಿ ನೊಣಕ್ಕೆ ಊಟವೂ ತೊಟ್ಟಿಲೂ ಅಕ್ಕಪಕ್ಕದಲ್ಲೇ ಇದ್ದವು. ನಾವು ಮಾರಿದ್ದು ಇಷ್ಟು ಗುಂಟೆ ಜಮೀನು ಎಂದು ಕಾಗದದಲ್ಲಿತ್ತು. ಅದರ ಜೊತೆ ಏನೇನು ಹೋಯಿತೆಂದು ಪೂರ್ತಿ ಲೆಕ್ಕ ನಮಗೆ ಆ ದಿನದವರೆಗೂ ಹತ್ತಿರಲಿಲ್ಲ. ಅಮ್ಮನ ಎದುರಿಗೆ ಅಂದು ಮೊದಲ ಸಲ ಆ ಮಾತು ತೆಗೆದೆವು. "ಹೋಗ್ಲಿ ಬಿಡಿ. ಇರೋ ಬೀಜ ಉಳಿಸ್ಕೊಳ್ಳಿ" ಎಂದರು.

ಜನವರಿಯಲ್ಲಿ ಬಳ್ಳಿ ಚೇತರಿಸಿಕೊಂಡು ಎರಡನೆಯ ಸಲ ಹೂ ಹಿಡಿಯಿತು. ಸಂಕ್ರಾಂತಿಗೆ ಕಾಯಿ ಸಿಗಲಿಲ್ಲ. ಆ ವರ್ಷ ಪೇಟೆಯ ವಾಲ್ ಕಾಳಿನಲ್ಲೇ ಹಬ್ಬ ಮಾಡಿದೆವು. ಫೆಬ್ರವರಿಯಲ್ಲಿ ಒಂದು ಹೊತ್ತಿನ ಸಾರಿಗಾಗುವಷ್ಟು ಬಿಡಿಸಿದೆವು. ಅಂದೆಲ್ಲ ಮನೆಯವರ ಕೈಯಲ್ಲಿ ಸೊಗಡಿನ ವಾಸನೆ. ಉಳಿದ ಕಾಯನ್ನು ಅಮ್ಮ ಬಳ್ಳಿಯಲ್ಲೇ ಒಣಗಿಸಿದರು. ಒಲೆಯಿಲ್ಲದ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ತಿಂಗಳಿಂದ ದೇವರ ಮುಂದಿನ ಊದುಬತ್ತಿಯ ಬೂದಿಯನ್ನು ಕೂಡಿಟ್ಟಿದ್ದರು. ಅದನ್ನೇ ಕಲಸಿ ಬೀಜವನ್ನು ಡಬ್ಬಿಗೆ ತುಂಬಿದರು. ತಂದಿದ್ದಕ್ಕಿಂತ ಎರಡು ಹಿಡಿ ಹೆಚ್ಚೇ ಇತ್ತು.

ಅಮ್ಮ ಈಗ ಊರಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಮೊಣಕಾಲು ನೋವು, ಮೂರು ಮಹಡಿ ಹತ್ತಲಾರರು. ಕಳೆದ ಸಂಕ್ರಾಂತಿಗೆ ಸಂಘದಲ್ಲಿ ಎಳ್ಳುಬೆಲ್ಲದ ಜೊತೆ ನಾವು ಹಂಚಿದ ಪೊಟ್ಟಣಗಳಲ್ಲಿ ಇದ್ದದ್ದು ಆ ಬೀಜವೇ. ಪ್ರತಿ ಪೊಟ್ಟಣಕ್ಕೆ ಐದು ಅವರೆ, ಒಂದು ಚಿಟಿಕೆ ಕೊತ್ತಂಬರಿ ಬೀಜ. ಪಡೆದವರು ಎರಡನ್ನೂ ಒಟ್ಟಿಗೇ ಬಿತ್ತಿರೆಂದು ಕೇಳಿಕೊಳ್ಳುತ್ತೇವೆ. ಹಸಿರು ಹುಳು ಕಂಡರೆ ಚಪ್ಪಲಿ ಎತ್ತುವ ಮುನ್ನ ಒಂದು ರಾತ್ರಿ ಟಾರ್ಚು ಹಿಡಿದು ಕೂತು ನೋಡಿ.

ದೀಪಾವಳಿ ಕಳೆದ ಮೇಲೆ ಅಮ್ಮನ ಫೋನು ಬಂದರೆ ನಮ್ಮ ಆರೋಗ್ಯದ ವಿಚಾರಣೆ ಎರಡನೆಯದು. ಮೊದಲನೆಯದು ಯಾವಾಗಲೂ ಒಂದೇ: "ನೊಣ ಬಂದ್ವಾ?"